ಮೂರು ಸ್ಕ್ರೀನ್, ಒಂದು ದೂರು

ಶಿಲ್ಪಳ ತಲೆ ಒಡೆದು ಹೋಳಾಗಿತ್ತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಪಕ್ಕದಲ್ಲೇ ಬಿದ್ದಿತ್ತು. ಒಂದೇ ಏಟಲ್ಲ. ಬಿದ್ದ ಮೇಲೂ ಚಚ್ಚಿದ್ದ ಪಾಪಿ. ಗೋಡೆಯ ಮೇಲೆ ರಕ್ತ, ಕೀಬೋರ್ಡಿನ ಮೇಲೆ ರಕ್ತ. ಇನ್ಸ್‌ಪೆಕ್ಟರಾಗಿ ಹೆಣ ನೋಡುವುದು ನನಗೆ ಹೊಸತಲ್ಲ. ಆದರೂ ಸಿಟ್ಟು ನೆತ್ತಿಗೇರಿತು.

2017ರ ಬೇಸಿಗೆ, ಮಟಮಟ ಮಧ್ಯಾಹ್ನ. ಬಾಗಲಗುಂಟೆಯ ಆ ಆಫೀಸಿನ ಕೆಲಸ ಇಷ್ಟೇ: ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ದೂರು ಇಲ್ಲಿನ ಕಂಪ್ಯೂಟರಿಗೆ ಬರುತ್ತದೆ. ಮೂರು ಕೋಣೆ, ಮೂವರು ಜನ. ಶಿಲ್ಪ, ಅವಳನ್ನು ಮದುವೆಯಾಗಬೇಕಿದ್ದ ರಾಯಚೂರಿನ ಶರಣು, ಮಾಲೀಕ ಯೋಗಾನಂದ.

ಮೆಟ್ಟಿಲ ಕಡೆ ಕಿರುಚಾಟ ಕೇಳಿ ಓಡಿದೆ. ಶಿಲ್ಪಳ ಅಪ್ಪ ಮುನಿಆಂಜಿನಪ್ಪ ಮಚ್ಚು ಹಿಡಿದು ನುಗ್ಗಿದ್ದ. ಅಳುತ್ತಾ ಕೂತಿದ್ದ ಶರಣುವಿನ ಮೇಲೆ ಬೀಸಿಯೇ ಬಿಟ್ಟ. ಶರಣು ಕೈ ಅಡ್ಡ ಕೊಟ್ಟ, ಮುಂಗೈ ಸೀಳಿತು. ನಾನೂ ಕಾನ್‌ಸ್ಟೇಬಲ್ ಬೈರಮ್ಮನೂ ಮುದುಕನ ಮೇಲೆ ಬಿದ್ದು ಮಚ್ಚು ಕಿತ್ತುಕೊಂಡೆವು.

"ಬಿಡಿ ಸುಬ್ರಮಣಿ ಸಾರ್! ಅವನ್ ಅಂಗಿ ಮ್ಯಾಲೆ ನನ್ ಮಗೀನ ರಕ್ತ! ನೆನ್ನೆ ಇಬ್ರೂ ಕಿತ್ತಾಡ್ತಿದ್ದಿದ್ದ ನಾನೇ ಕೇಳಿವ್ನಿ!"

ಗೇಟಿನಲ್ಲಿ ಮುದುಕನ ಕಡೆಯವರು ದೊಣ್ಣೆ ಹಿಡಿದು ಸೇರಿದ್ದರು. ಶರಣುವನ್ನು ಜೀಪಿಗೆ ಹತ್ತಿಸಬೇಕೆಂದರೆ ಅವರ ನಡುವೆಯೇ ಹೋಗಬೇಕು. ಕೊಂದವನು ಯಾರೆಂದು ಅಲ್ಲೇ ತೋರಿಸದಿದ್ದರೆ ಎರಡನೇ ಹೆಣ ಗ್ಯಾರಂಟಿ.

*

"ನಾ ಕೊಂದಿಲ್ರಿ ಸರ್. ಊಟ ಕಟ್ಟಿಸ್ಕೊಂಡು ಬಂದೆ, ಬಿದ್ದಿದ್ಳು. ಎತ್ತಿ ಹಿಡ್ಕೊಂಡೆ. ಅದಕ್ಕ ಅಂಗಿ ಹಿಂಗಾತು," ಎಂದ ಶರಣು.

"ನಿನ್ನೆ ಜಗಳ ಯಾಕೆ?"

ಅವನು ಮುದುಕನ ಕಡೆ ನೋಡಿ, "ಅದು ಈಗ ಬ್ಯಾಡ್ರಿ ಸರ್," ಎಂದ. ನನಗೂ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ.

ಯೋಗಾನಂದ ಕೇಳುವ ಮೊದಲೇ ಶುರುಮಾಡಿದ. "ನಾನು ನನ್ನ ರೂಮಲ್ಲೇ ಇದ್ದೆ ಸಾರ್. ಅವಳ ಬಾಗಿಲ ಹತ್ರಾನೂ ಹೋಗಿಲ್ಲ. ರಕ್ತ ಕಂಡ್ರೆ ನಂಗಾಗಲ್ಲ."

"ಸಾಕ್ಷಿ?"

"ಅದೇ ಟೈಮಲ್ಲಿ ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಅಪಾರ್ಟ್‌ಮೆಂಟಿಂದ ದೂರು ಬಂತು ಸಾರ್. ನಾಲ್ಕನೇ ಮಹಡಿಲಿ ಲಿಫ್ಟ್ ನಿಂತಿದೆ ಅಂತ. ನನ್ನ ಸ್ಕ್ರೀನಲ್ಲೇ ನೋಡ್ತಾ ಕೂತಿದ್ದೆ."

"ಒಳಗಿದ್ದೋರನ್ನ ಬಿಡಿಸಿದ್ರಾ?"

"ಅದೂ... ಶಿಲ್ಪ ನೋಡ್ಕೋತಾಳೆ ಅಂತ..."

ಎಲಾ ಇವನ! ಬೈರಮ್ಮ ತಕ್ಷಣ ಅಲ್ಲಿನ ಸೆಕ್ಯುರಿಟಿಗೆ ಫೋನ್ ಮಾಡಿದಳು. ಗೋಪಾಲಮ್ಮ ಎಂಬ ಅಜ್ಜಿ ಇನ್ನೂ ಒಳಗೇ ಇದ್ದಳು. ಬಾಗಿಲು ಮೀಟಿ ಹೊರಗೆ ತೆಗೆದರು. ಸದ್ಯ, ಜೀವ ಇತ್ತು.

ಶರಣು ತಲೆಯೆತ್ತಿದ. "ಸರ್, ಆ ದೂರು ಇವ್ರ ಸ್ಕ್ರೀನಿಗೆ ಹೆಂಗ ಬರ್ತದ್ರಿ?"

"ಯಾಕೆ ಬರಬಾರದು?"

"ಮೊದ್ಲು ಒಂದು ದೂರು ಬಂದ್ರ ಮೂರೂ ಸ್ಕ್ರೀನಿಗೆ ಹೋಗ್ತಿತ್ರಿ. ಅವ್ರು ನೋಡ್ತಾರ ಅಂತ ಇವ್ರು, ಇವ್ರು ನೋಡ್ತಾರ ಅಂತ ಅವ್ರು. ಹೋದ ತಿಂಗಳು ಒಬ್ಬ ಅಜ್ಜ ಲಿಫ್ಟಿನಾಗ ಸತ್ತೇ ಹೋದ. ಅದಕ್ಕ ಶಿಲ್ಪ ಇವತ್ತು ಮುಂಜಾನಿ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಬದ್ಲಿ ಮಾಡಿದ್ಳು. ಈಗ ದೂರು ಕ್ಯೂನಾಗ ನಿಲ್ತಾವ. ಯಾರು ಖಾಲಿ ಕಾಯ್ತಿರ್ತಾರೋ ಅವ್ರೊಬ್ರಿಗೇ ಸಿಗ್ತದ. ಸಿಕ್ಕ ಮ್ಯಾಲ ಬ್ಯಾರೆಯವ್ರಿಗೆ ಕಾಣೂದಿಲ್ಲ. ನನಗಷ್ಟ ಹೇಳಿದ್ಳು."

ದರ್ಶಿನಿಯ ಕೌಂಟರಿನ ದೋಸೆಯ ಹಾಗೆ. ಒಬ್ಬ ಎತ್ತಿಕೊಂಡರೆ ಮುಗಿಯಿತು, ಪಕ್ಕದವನು ಮುಂದಿನದಕ್ಕೆ ಕಾಯಬೇಕು. ಆದರೆ ಶರಣುವಿನ ಮಾತನ್ನು ನಂಬುವುದು ಹೇಗೆ?

*

ನಾವಿದ್ದ ಆಫೀಸಿನ ಕಟ್ಟಡದ ಲಿಫ್ಟೂ ಇವರ ಉಸ್ತುವಾರಿಯಲ್ಲೇ ಇತ್ತು. ಬೈರಮ್ಮ ಹೋಗಿ ಗುಂಡಿ ಒತ್ತಿದಳು. ಶರಣುವಿನ ಸ್ಕ್ರೀನ್ ಟಿಣ್ ಅಂದಿತು. ಯೋಗಾನಂದನದು ತೆಪ್ಪಗಿತ್ತು. ಮತ್ತೆ ಒತ್ತಿದಳು. ಈ ಸಲ ಯೋಗಾನಂದನದು ಮಾತ್ರ. ಶಿಲ್ಪಳದು ಎರಡು ಸಲವೂ ಸುಮ್ಮನಿತ್ತು. ರಕ್ತ ಸಿಡಿದ ಆ ಸ್ಕ್ರೀನಿನಲ್ಲಿ ಸಿಂಗಾಪುರದ ದೂರು, ನಾಲ್ಕನೇ ಮಹಡಿ, ಉತ್ತರವಿಲ್ಲದೆ ಹಾಗೇ ನಿಂತಿತ್ತು.

ಯೋಗಾನಂದನ ಮುಖ ಬೂದಿಯಾಯಿತು.

"ಬಾಗಿಲ ಹತ್ರಾನೂ ಹೋಗದವನಿಗೆ ನಾಲ್ಕನೇ ಮಹಡಿ ಅಂತ ಹೆಂಗೆ ಗೊತ್ತಾಯ್ತು?"

"ಶರಣು ಹೇಳ್ದ ಸಾರ್..."

"ಈಗ ತಾನೇ ನಿನ್ನ ಸ್ಕ್ರೀನಲ್ಲಿ ನೋಡಿದೆ ಅಂದ್ಯಲ್ಲೋ! ದೂರು ಬಂದಾಗ ಅವಳಿಗೆ ಜೀವ ಇದ್ದಿದ್ರೆ ಅಲ್ಲಿನ ಸೆಕ್ಯುರಿಟಿಗೆ ಫೋನ್ ಮಾಡ್ತಿದ್ದಳು. ಅಷ್ಟರಲ್ಲೇ ಅವಳನ್ನ ಬೀಳಿಸಿದ್ದೆ. ಹೆಣದ ಪಕ್ಕ ನಿಂತು ಓದಿದ್ದೀಯ. ಮೊದಲಿನ ಹಾಗೆ ಮೂವರಿಗೂ ಬಂದಿರುತ್ತೆ ಅಂದ್ಕೊಂಡು ಅದನ್ನೇ ಸಾಕ್ಷಿ ಮಾಡ್ಕೊಂಡೆ."

ಮೇಜಿನ ಕತ್ತರಿ ಕಸಿದು ಅವನು ಶರಣುವಿನ ಕುತ್ತಿಗೆಗೆ ಹಾರಿದ. ನನ್ನ ಲಾಠಿ ಅವನ ದವಡೆಗೆ ಬಿತ್ತು. ಹಲ್ಲು ಉದುರಿದ ಮೇಲೆ ಬಾಯಿ ಬಿಟ್ಟ. ಅಜ್ಜ ಸತ್ತ ದಿನ ಕುಡಿದ ಮತ್ತಿನಲ್ಲಿ ದೂರನ್ನು ಅಳಿಸಿಹಾಕಿದ್ದವನು ಇವನೇ. ಶಿಲ್ಪಳಿಗೆ ಅದು ಗೊತ್ತಾಗಿತ್ತು. ಇವತ್ತು ಎದುರಿಗೇ ನಿಂತು, ಸ್ಟೇಷನ್ನಿಗೆ ಹೋಗುತ್ತೇನೆ ಅಂದಿದ್ದಳು.

*

ಬೇಡಿ ಹಾಕಿದ ಯೋಗಾನಂದನನ್ನು ನೋಡಿ ಗೇಟಿನ ಗುಂಪು ದೊಣ್ಣೆ ಕೆಳಗಿಳಿಸಿ ದಾರಿ ಬಿಟ್ಟಿತು. ಮುನಿಆಂಜಿನಪ್ಪ ಶರಣುವಿನ ಮುಂದೆ ಕುಸಿದ.

"ಪ್ರೋಗ್ರಾಮು ಪಾಗ್ರಾಮು ಎಲ್ಲಾ ನಿಂಗೆ ಯೋಳೋಳು. ಇಂಗೆ ತೊಂದ್ರೆ ಐತೆ ಅಂತ ನಂಗ್ಯಾಕಪ್ಪ ಒಂದ್ ಮಾತು ಯೋಳ್ಲಿಲ್ಲ ನನ್ ಕೂಸು?"

"ನಿನ್ನಿ ಜಗಳ ಅದಕ್ಕ್ರಿ, ಅಪ್ಪಾಜಿ. ಆ ಅಜ್ಜ ಸತ್ತಿದ್ರಾಗ ಏನೋ ಮೋಸ ಅದ ಅಂದ್ಳು, ಯಾರು ಅಂತ ನನಗೂ ಹೇಳ್ಲಿಲ್ಲ. ಅಪ್ಪಗ ಹೇಳು ಅಂತ ನಾ. ಹೇಳೂದಿಲ್ಲ ಅಂತ ಆಕಿ."

"ಯಾಕಂತೆ?"

ಶರಣು ತಡೆದು ಹೇಳಿದ. "ನಮ್ಮಪ್ಪ ಹಿಂದುಮುಂದು ನೋಡಲ್ಲ, ಸಿಕ್ಕಿದವ್ರ ಮ್ಯಾಲೆ ಮಚ್ಚು ಬೀಸ್ತಾನೆ ಅಂದ್ಳ್ರಿ."

ಮುದುಕ ತಾನೇ ಸೀಳಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೋರೆಂದು ಅತ್ತ.