ಬಿಳಿ ಬಿಲ್ಲೆಯ ಕುರಿಗಳು

ಏಪ್ರಿಲ್ 9ರ ಬೆಳಿಗ್ಗೆ ಮೇಡ್ಲೇರಿಯ ಕುರಿಗಾರ್ತಿ ಬಸವಣ್ಣೆವ್ವ ಸತ್ತ ಕುರಿಯೊಂದನ್ನು ಆಟೋದಲ್ಲಿ ಹಾಕಿಕೊಂಡು ರಾಣೆಬೆನ್ನೂರು ಗ್ರಾಮೀಣ ಠಾಣೆಗೆ ಬಂದಳು. ಕುರಿಯ ಒಸಡು ಸುಣ್ಣದಂತೆ ಬಿಳಿಚಿತ್ತು. ದವಡೆಯ ಕೆಳಗೆ ನೀರು ತುಂಬಿದ ಬಾವು.

“ಯಾರ ಮ್ಯಾಲ ಸಂಶಯ ಐತಿ, ಯವ್ವಾ?” ಪಿಎಸ್‌ಐ ನಿರ್ಮಲಾ ಕೇಳಿದಳು.

“ಹುಳದ ಸೂಜಿ ಹಾಕಾಕ ಬರ್ತಾನಲ್ರಿ ಕಲ್ಲೇಶ, ಅವನ ಮ್ಯಾಲ. ಅರ್ಧ ಹಿಂಡಿನ ಕಿವಿಗೆ ಹಳದಿ ಬಿಲ್ಲೆ ಹಚ್ಚಿ ಸೂಜಿ ಹಾಕಿದ. ಉಳಿದವಕ್ಕ ಬಿಳಿ ಬಿಲ್ಲೆ ಹಚ್ಚಿ, ಶಕ್ತಿ ಔಷಧ ಅಂತ ಬಾಯಾಗ ಏನೋ ಹೊಯ್ದ. ಬಿಳಿ ಬಿಲ್ಲೆವಷ್ಟ ಸಾಯಾಕತ್ತಾವ.”

ಕಲ್ಲೇಶ ಒಂದು ಜೈವಿಕ ತಂತ್ರಜ್ಞಾನ ಕಂಪನಿಯ ಕ್ಷೇತ್ರಾಧಿಕಾರಿ. ಹೊರದೇಶದ ಸಂಶೋಧನಾ ಸಂಸ್ಥೆಯೊಂದರ ಪಾಲುದಾರಿಕೆಯಲ್ಲಿ ಆ ಕಂಪನಿ ಕುರಿಯ ಹೊಟ್ಟೆಹುಳಕ್ಕೆ ಲಸಿಕೆ ತಯಾರಿಸಿ, ತುಂಗಭದ್ರೆಯ ದಂಡೆಯ ಹಳ್ಳಿಗಳಲ್ಲಿ ಪ್ರಯೋಗಿಸುತ್ತಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಪಶುವೈದ್ಯೆ ದೀಪಿಕಾ ಕುರಿಯ ಹೊಟ್ಟೆ ಕೊಯ್ದಳು. ಕೂದಲೆಳೆಯಂಥ ಕೆಂಪು ಹುಳಗಳು ಮುದ್ದೆಗಟ್ಟಿ ಇನ್ನೂ ಹೊರಳಾಡುತ್ತಿದ್ದವು. ಕಾನ್‌ಸ್ಟೆಬಲ್ ಮಾಲತೇಶ ಗೋಡೆಯ ಮಗ್ಗುಲಿಗೆ ಹೋಗಿ ವಾಂತಿ ಮಾಡಿಕೊಂಡ.

“ಇಂಥಾ ಬಿಸಿಲಾಗ ಮೇವಿನಿಂದ ಇಷ್ಟು ಹುಳ ಹತ್ತೂದಿಲ್ಲ,” ಎಂದಳು ದೀಪಿಕಾ. “ಎಲ್ಲಾ ಒಂದ ವಯಸ್ಸಿನವು. ಮರಿಹುಳ ಬೆಳೆಸಿ ಯಾರೋ ಒಮ್ಮೆಲೆ ಕುಡಿಸ್ಯಾರ.”

ಮರುದಿನ ಶೋಧನಾ ವಾರಂಟ್ ಪಡೆದು ಬ್ಯಾಡಗಿಯಲ್ಲಿ ಕಲ್ಲೇಶ ಬಾಡಿಗೆಗೆ ಹಿಡಿದಿದ್ದ ಕೋಣೆ ತೆರೆಸಿದರು. ಓಣಿಯ ಮೆಣಸಿನಕಾಯಿ ಘಾಟನ್ನೂ ಮೀರಿ ಒಳಗೆ ಗಬ್ಬು ನಾತ. ಗಾಜಿನ ಭರಣಿಗಳಲ್ಲಿ ಒದ್ದೆ ಹಿಕ್ಕೆ; ಗಾಜಿನ ಒಳಮೈಗೆ ಮಂಜು ಕವಿದಂತಿತ್ತು. ನಿರ್ಮಲಾ ಟಾರ್ಚ್ ಹಿಡಿದಳು. ಮಂಜು ಮಿಸುಕಾಡಿತು.

ಪಂಚನಾಗಿ ಬಂದಿದ್ದ ಪಕ್ಕದ ಅಂಗಡಿಯ ಅಬ್ದುಲಗನಿ ಪಂಚನಾಮೆಗೆ ಸಹಿ ಹಾಕಿ, ಪೆನ್ನು ಹಿಡಿದಿದ್ದ ಕೈಯನ್ನು ಅಂಗಿಗೆ ಉಜ್ಜಿಕೊಂಡ. “ಇದನ್ನ ಜೀವ ಇದ್ದವಕ್ಕ ಕುಡಿಸಿದ್ನೇನ್ರಿ?”

ಕಲ್ಲೇಶ ಸಿಕ್ಕಿದ್ದು ಹಾವೇರಿಯ ಹೋಟೆಲೊಂದರ ಸಭಾಂಗಣದಲ್ಲಿ. ಪಾಲುದಾರ ಸಂಸ್ಥೆಯವರ ಮುಂದೆ ಪರದೆಯ ಮೇಲೆ ಬದುಕುಳಿದ ಕುರಿಗಳ ಲೆಕ್ಕದ ಎರಡು ಗೆರೆ ತೋರಿಸುತ್ತಿದ್ದ: ಹಳದಿ ಗೆರೆ ಮೇಲೆ, ಬಿಳಿ ಗೆರೆ ಕೆಳಗೆ. “ಲಸಿಕೆ ಹಾಕದ ಸ್ಯಾಂಪಲ್‌ಗಳು ಉಳಿಯಲಿಲ್ಲ,” ಎಂದ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ನಿರ್ಮಲಾ ಪರದೆಯ ಮುಂದೆ ಹೋಗಿ ನಿಂತಳು. ಅಲ್ಲೇ ಬಂಧಿಸಿದಳು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. “ಹೋದ ಸಲ ಗುತ್ತಲದಾಗ ಹುಳನ ಇರಲಿಲ್ರಿ. ಔಷಧದ ಗುಣ ಕಾಣಲಿಲ್ಲ. ಈ ಸಲಾನೂ ಕಾಣಲಿಲ್ಲಂದ್ರ ಕೆಲಸ ನಿಲ್ಲಸ್ತೇವಿ ಅಂದ್ರು ಕಂಪನಿಯವ್ರು. ಎಂಟು ವರ್ಷದ ದುಡಿಮಿ ನಂದು.”

“ಔಷಧದ ಮ್ಯಾಲ ನಿನಗ ನಂಬಿಕಿ ಇತ್ತಾ?”

“ಖರೇನ ಇತ್ರಿ.”

“ಹಂಗಾದ್ರ ಹಳದಿ ಬಿಲ್ಲೆವಕ್ಕೂ ಹುಳ ಕುಡಿಸಬೇಕಿತ್ತು. ಯಾಕ ಕುಡಿಸಲಿಲ್ಲ?”



“ಅವೂ ಸತ್ತರ ಅಂತ ಅಂಜಿಕಿ ಬಂತ್ರಿ.”

ಮಾಲತೇಶ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡ.