ಇಟ್ಟಿಗೆ ತೂಗಿದ ಹಗ್ಗ

ಹಲಸೂರು ಕೆರೆಯ ಜೊಂಡಿನಲ್ಲಿ ದೋಣಿವಿಹಾರದ ಗುತ್ತಿಗೆದಾರ ಭೀಮಾಶಂಕರನ ಹೆಣ ಸಿಕ್ಕಾಗ ಬೆಳಗಿನ ಏಳು ಗಂಟೆ. ೧೯೯೭ರ ಫೆಬ್ರವರಿ. ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಹತ್ತು ಮಾರು ದೂರದಲ್ಲಿ ಅವನ ಹಳೆಯ ಮೋಟಾರ್ ಬೋಟು ಖಾಲಿ ತೇಲುತ್ತಿತ್ತು.

ಎಂಟಕ್ಕೆಲ್ಲ ಕೊಲೆಗಾರ ಸಿಕ್ಕಿಬಿಟ್ಟನೆಂದು ಹೆಡ್ ಕಾನ್‌ಸ್ಟೇಬಲ್ ಆಗಿದ್ದ ನಾನು ಬೀಗಿದೆ.

ಸಾಕ್ಷಿ ಹೇಳಿದವನು ಮ್ಯಾನೇಜರ್ ಲಕ್ಷ್ಮಿಕಾಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಗ್ಗಿದ ದನಿ. ಆರು ಗಂಟೆಗೆ ಬೋಟು ನಡೆಸುವ ಅಮರಪ್ಪ ಹಗ್ಗ ಎಳೆದು ಮೋಟಾರ್ ಶುರು ಮಾಡಿ, ಧಣಿಯನ್ನು ಕೂರಿಸಿಕೊಂಡು ಹೋದದ್ದನ್ನು ದಡದಿಂದ ಕಣ್ಣಾರೆ ಕಂಡೆ ಎಂದ. ಹಿಂದಿನ ದಿನ ಅವರಿಬ್ಬರಿಗೂ ಜಗಳವಾಗಿತ್ತಂತೆ.

ಅಮರಪ್ಪ ರಾಯಚೂರು ಕಡೆಯವನು. ಮರ್ಫಿ ಟೌನಿನ ಬಾಡಿಗೆ ಕೋಣೆಯಿಂದ ಎಳೆದು ತಂದು ಲಾಕಪ್ಪಿಗೆ ತಳ್ಳಿದೆ. ಹೆಂಡತಿ ಜಟ್ಟೆಮ್ಮ ಹಿಂದೆಯೇ ಓಡಿಬಂದು, ಗಂಡ ಜ್ವರ ಬಂದು ಮಲಗಿದ್ದ, ಹೊಸ್ತಿಲು ದಾಟಿಲ್ಲ ಎಂದಳು.

“ಹೆಂಡತಿ ಸಾಕ್ಷಿ ನಡೆಯಲ್ಲಮ್ಮ” ಎಂದು ಗೇಟಿನಾಚೆ ಕಳಿಸಿದೆ.

ನಮ್ಮ ಸಬ್ ಇನ್ಸ್‌ಪೆಕ್ಟರ್ ಶಾಂಭವಿ ಮಾತ್ರ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಪೈಕಿ. ಆ ಮೋಟಾರ್ ಕೊನೆಯ ಸಲ ಯಾವಾಗ ಓಡಿತ್ತು ಎಂದು ಅಮರಪ್ಪನನ್ನು ಕೇಳಿದರು. ವಾರದಿಂದ ಓಡಿಲ್ಲ ಎಂದ. ಹಗ್ಗವನ್ನು ಒಳಗೆಳೆದುಕೊಳ್ಳುವ ಸ್ಪ್ರಿಂಗ್ ಮುರಿದಿತ್ತು. ನಿನ್ನೆ ಸಂಜೆ ಶಿವಾಜಿನಗರದ ಮೆಕ್ಯಾನಿಕ್ ಶಫಿ ರಿಪೇರಿಗೆ ಕೂತಿದ್ದ. ಮುಗಿಯುವ ಮೊದಲೇ ತಾನು ಜ್ವರವೆಂದು ಮನೆಗೆ ಹೋದೆ ಎಂದ.

ನನಗೆ ಅದೂ ಕಟ್ಟುಕಥೆ ಅನ್ನಿಸಿತು.

*

ಶಫಿಯ ಅಂಗಡಿ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿತ್ತು. ಖಾಕಿ ಕಂಡವನೇ ಬಲಗೈ ಬೆನ್ನ ಹಿಂದೆ ಇಟ್ಟುಕೊಂಡ. ಹಿಡಿದು ನೋಡಿದರೆ ಅಂಗೈಯಲ್ಲಿ ಹಸಿ ಗಾಯ. ಅಮರಪ್ಪನಿಗೆ ಜೊತೆಗಾರನೂ ಸಿಕ್ಕಿದ ಎಂದುಕೊಂಡೆ. ಹಳೆಯ ಸ್ಪ್ರಿಂಗ್ ಬಿಚ್ಚುವಾಗ ಹಾರಿ ಕೊಯ್ದದ್ದು, ನನ್ನಂಥ ಹಳೇ ಮೆಕ್ಯಾನಿಕ್‌ಗೆ ಹೀಗಾದದ್ದು ಮಾನ ಹೋಗುವ ವಿಷಯ ಎಂದು ಅವನು ಗೊಣಗಿದ.

ಶಾಂಭವಿಯವರು ಗಾಯ ನೋಡುತ್ತಿರಲಿಲ್ಲ. ತೊಲೆಯಿಂದ ಬಿಳಿ ನೈಲಾನ್ ಹಗ್ಗವೊಂದು ನೇತಾಡುತ್ತಿತ್ತು, ತುದಿಯಲ್ಲಿ ಇಟ್ಟಿಗೆ.

“ಇದೇನ್ರೀ?”

“ಹಲಸೂರು ಬೋಟಿಂದು ಮೇಡಂ. ಹೊಸ ಹಗ್ಗ ಹಂಗೇ ಹಾಕಿದ್ರೆ ಆಮೇಲೆ ಎಳೆದುಕೊಂಡು ಉದ್ದ ಆಗ್ತದೆ. ಒಂದು ರಾತ್ರಿ ಇಟ್ಟಿಗೆ ತೂಗಾಕಿದ್ರೆ ಬರಾಬರ್. ನಿನ್ನೆ ಸ್ಪ್ರಿಂಗ್ ಮಾತ್ರ ಕೂರ್ಸಿದೀನಿ. ಹಗ್ಗ ಇವತ್ತು ಹಾಕ್ಬೇಕು.”

ಎಳೆಯುವ ಹಿಡಿ ಎಲ್ಲಿ ಎಂದು ಕೇಳಿದರು. ಕಳೆದುಹೋಗದಿರಲಿ ಅಂತ ಮೋಟಾರಿನಲ್ಲಿ ಹಗ್ಗ ಹೊರಬರುವ ತೂತಿಗೇ ತಂತಿಯಿಂದ ಸಿಗಿಸಿ ಬಂದಿದ್ದನಂತೆ.

*

ಕೆರೆಯ ದಡಕ್ಕೆ ಬೋಟು ಎಳೆಸಿದರು. ಲಕ್ಷ್ಮಿಕಾಂತನನ್ನು ಕರೆದು, ಕಂಡದ್ದನ್ನು ನಿಧಾನವಾಗಿ ಹೇಳಿ ಎಂದರು.

“ಎಷ್ಟು ಸಲ ಎಳೆದ?”

“ಮೂರು ಸಲ ಮೇಡಂ. ಎರಡು ಸಲ ಹಗ್ಗ ಗರ್ ಅಂತ ವಾಪಸ್ ಒಳಗೋಯ್ತು. ಮೂರನೇದಕ್ಕೆ ಸ್ಟಾರ್ಟ್ ಆಯ್ತು.”

“ಒಂದ್ಸಲ ನೀವೇ ಎಳೀರಿ.”

ಅವನು ಹಿಡಿ ಹಿಡಿದು ಜಗ್ಗಿದ. ಹಿಡಿ ಕೈಗೇ ಕಿತ್ತು ಬಂತು. ಅದರ ಹಿಂದೆ ಎರಡಿಂಚು ತಂತಿ, ಅಷ್ಟೇ.

“ಹಗ್ಗ ನಿನ್ನೆಯಿಂದ ಶಿವಾಜಿನಗರದಲ್ಲಿ ನೇತಾಡ್ತಿದೆ” ಎಂದರು ಶಾಂಭವಿ. “ಇಲ್ಲಿ ಒಳಗೆ ಹೋಗಿದ್ದು ಯಾವುದು?”

ಲಕ್ಷ್ಮಿಕಾಂತ ಹಿಡಿಯನ್ನು ಮತ್ತೆ ತೂತಿಗೆ ತುರುಕಲು ನೋಡಿದ. ಹೊರಗೆ ಹಿಡಿ ಕಂಡಿತ್ತು, ರಿಪೇರಿ ಮುಗಿದು ಒಳಗೆ ಹಗ್ಗವಿದೆ ಎಂದುಕೊಂಡು ಕಥೆ ಹೆಣೆದಿದ್ದ. ಹುಟ್ಟುಗಳನ್ನಿಡುವ ಕೋಣೆಯ ಬೀಗದ ಕೈ ಅವನೊಬ್ಬನ ಬಳಿಯಿತ್ತು. ತೆಗೆಸಿದೆವು. ಎಲ್ಲವೂ ಒಣಗಿದ್ದವು, ಒಂದು ಮಾತ್ರ ತೊಳೆದು ಒದ್ದೆ. ಅದರ ಸೀಳಿನಲ್ಲಿ ಕೂದಲು ಸಿಕ್ಕಿತ್ತು. ತೂತು ಬಿದ್ದ ದೋಣಿಗಳಲ್ಲಿ ಜನರನ್ನು ಕೂರಿಸುತ್ತಿದ್ದ ಅವನನ್ನು ಅಂದೇ ಕೆಲಸದಿಂದ ತೆಗೆಯುವುದೆಂದು ಭೀಮಾಶಂಕರ ನಿರ್ಧರಿಸಿದ್ದ. ಲಕ್ಷ್ಮಿಕಾಂತ ಧಣಿಯನ್ನು ದಡದಲ್ಲೇ ಆ ಹುಟ್ಟಿನಿಂದ ಹೊಡೆದು ನೀರಿಗೆ ನೂಕಿ, ದಡಕ್ಕೆ ಕಟ್ಟಿದ್ದ ಬೋಟನ್ನು ಬಿಚ್ಚಿ ತೇಲಿಬಿಟ್ಟಿದ್ದ. ಮಧ್ಯಾಹ್ನದೊಳಗೆ ಎಲ್ಲ ಒಪ್ಪಿಕೊಂಡ.

ಅಮರಪ್ಪನನ್ನು ಹೊರಗೆ ಕರೆತಂದವನು ನಾನೇ. ಮೈ ಕೆಂಡದಂತೆ ಸುಡುತ್ತಿತ್ತು. ಜಟ್ಟೆಮ್ಮ ಬೆಳಗಿನಿಂದ ಗೇಟಿನಾಚೆ ನಿಂತೇ ಇದ್ದಳು.

“ನಾ ಮುಂಜಾನೇನ ಹೇಳಿದ್ನಿರಿ ಸಾಹೇಬ್ರ. ಅವ್ರ ಅಂಗಿ ಬೆಳ್ಳಗಿತ್ತು, ನೀವು ಅವ್ರ ಮಾತು ಕೇಳಿದ್ರಿ.”

ನಾಚಿಕೆಯಿಂದ ಸತ್ತುಹೋದೆ. ತಲೆ ತಗ್ಗಿಸಿ ಗೇಟು ತೆರೆದೆ.