ರಾಗ ಎಳೆಯುವವನು

"ಅಯ್ಯೋ ಸ್ವಾಮಿ, ರಾಗ ಎಳೀಬೇಡಿ! ನೆಟ್ಟಗೆ ಓದಿ!"

ನಿಘಂಟು ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿದರು. ಅಂದೇ ಕೆಲಸಕ್ಕೆ ಸೇರಿದ್ದ ಉಪಸಂಪಾದಕನ ಕಿವಿ ಕೆಂಪಾಯಿತು.

ಸಂಪಾದಕಿಗೆ ರೇಗಿಹೋಗಿತ್ತು. ಅವನು ಕರಡನ್ನು ಗಟ್ಟಿಯಾಗಿ ಓದಬೇಕು, ಅವಳು ಮೂಲದೊಂದಿಗೆ ತಾಳೆ ನೋಡಬೇಕು. ಇವನೋ, ಒಂದೊಂದು ಪದವನ್ನೂ ಮಗು ಮಲಗಿಸುವವನಂತೆ ಎಳೆಯುತ್ತಾನೆ! 'ಅಂ...ಗಳ'ವಂತೆ, 'ಅ...ಡಿಗೆ'ಯಂತೆ!

ದಿನಗಳು ಉರುಳಿದವು. ಅವನು ಎಳೆಯುವುದನ್ನು ಬಿಡಲಿಲ್ಲ, ಅವಳು ಸಿಡುಕುವುದನ್ನು ಬಿಡಲಿಲ್ಲ. ಆದರೂ ಅವಳ ಟೀ ಆರುವ ಮೊದಲೇ ಓದು ನಿಲ್ಲಿಸಿ, ಲೋಟವನ್ನು ಅವಳತ್ತ ತಳ್ಳುತ್ತಿದ್ದ. ಅವಳು ತಪ್ಪು ಹಿಡಿದರೆ ತನಗೇ ಬಹುಮಾನ ಬಂದಂತೆ ನಗುತ್ತಿದ್ದ.

ಅದಕ್ಕೂ ಅವಳಿಗೆ ಸಿಟ್ಟೇ!

"ಮೂರು ಹೊತ್ತೂ ಅವನ ಮೇಲೆ ದೂರು... ಏನೇ ಸಮಾಚಾರ?" ಎಂದಳು ಮನೆಯಲ್ಲಿ ಅವಳ ಅಕ್ಕ.

"ಏನೂ ಇಲ್ಲ! ಅವನ ಧ್ವನಿ ತಲೆಯೊಳಗೆ ಕೂತುಬಿಟ್ಟಿದೆ, ಅಷ್ಟೇ!"

ಅಕ್ಕ ಮುಸಿಮುಸಿ ನಕ್ಕಳು.

ಕೊನೆಗೆ 'ರ' ಅಕ್ಷರ ಬಂತು.

"ರಾ...ಗ. 'ರಂಜ್' ಧಾತುವಿನಿಂದ ಬಂದ ಸಂಸ್ಕೃತ ಪದ. ಬಣ್ಣ. ಕೆಂಪು. ಪ್ರೀತಿ, 'ಅನುರಾಗ'ದಲ್ಲಿರುವುದು ಇದೇ. ಸಂಗೀತದಲ್ಲಿ, ಮನಸ್ಸಿಗೆ ಬಣ್ಣ ಕಟ್ಟುವ ಸ್ವರಗಳ ಜೋಡಣೆ. ಆಡುಮಾತಿನಲ್ಲಿ, ರಾ...ಗ ಎಳೆ: ಬೇಕೆಂದೇ ಮಾತನ್ನು ಎಳೆದಾಡು..."

ಅವನು ನಿಲ್ಲಿಸಿದ. "ಈ 'ಬೇಕೆಂದೇ' ಅನ್ನೋದು ಬೇ...ಡ, ಮೇಡಂ."

"ಯಾಕೆ ಬೇಡ? ನಿಮ್ಮನ್ನ ನೋಡೇ ಬರೆದಿದ್ದು!"

ಅವನ ಮುಖ ಸಪ್ಪಗಾಯಿತು. ಕರಡನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

"ನೋಡಿ ಸರ್, ಎಂಥ ಕೊಬ್ಬು!" ಎಂದು ಅವಳು ಪ್ರಧಾನ ಸಂಪಾದಕರ ಮುಂದೆ ಕೂಗಾಡಿದಳು.

ಅವರು ಕನ್ನಡಕ ತೆಗೆದರು. "ಕೊಬ್ಬಲ್ಲಮ್ಮಾ. ಅವನಿಗೆ ಚಿಕ್ಕಂದಿನಿಂದ ಉಗ್ಗು. ಎಳೆದರೆ ಮಾತ್ರ ಮಾತು ಹೊರಡುತ್ತೆ. ಬೇರೆ ಕೆಲಸ ಕೊಡ್ತೀನಿ ಅಂದ್ರೆ, ನಿನ್ನ ಎದುರಿಗಿನ ಕುರ್ಚಿ ಬಿಡಲ್ಲ ಅಂತಾನೆ."

ಅವಳು ಮೇಜಿಗೆ ಓಡಿ ಕರಡಿನ 'ಬೇಕೆಂದೇ' ಮೇಲೆ ಗೆರೆ ಎಳೆದಳು. ದೇವರೇ... ಎಷ್ಟು ಬೈದುಬಿಟ್ಟೆ!

ಅವನು ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ.

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?" ಕ್ಷಮೆ ಕೇಳಲು ಬಂದವಳು ಮತ್ತೆ ರೇಗಿದ್ದಳು! ಕಣ್ಣು ಮಾತ್ರ ತುಂಬಿ ಬಂದಿತ್ತು. "ಆ ಪದ ಹೊಡೆದುಹಾಕಿದೆ. ನನ್ನಿಂದ... ನನ್ನಿಂದ ದೊಡ್ಡ ತಪ್ಪಾಯ್ತು."

"ಗೊತ್ತಾದವರೆಲ್ಲ ಕನಿಕರ ತೋ...ರಿಸ್ತಾರೆ. ನೀವೊಬ್ಬರೇ ಎಲ್ಲರಿಗೂ ಬೈಯೋ ಹಾಗೇ ನನಗೂ ಬೈ...ತಿದ್ರಿ."

ಅವನು ಎದ್ದು ನಿಂತ. ಈ ಸಲ ಎಳೆಯಲಿಲ್ಲ.

"ನ-ನನಗೆ ನೀವಂದ್ರೆ ಇ-ಇ-ಇ..."

ಮಾತು ಸಿಕ್ಕಿಕೊಂಡಿತು. ಮುಂದಿನ ಅಕ್ಷರ ಅವಳಿಗೆ ಗೊತ್ತಿತ್ತು. ಯಾವ ಪದವನ್ನಾದರೂ ಅವನ ಬಾಯಿಂದ ಕಿತ್ತುಕೊಂಡು ಮುಗಿಸುತ್ತಿದ್ದವಳು, ಅಂದು ತುಟಿ ಕಚ್ಚಿ ಕಾದಳು.

"...ಇಷ್ಟ."

"ನನಗೂ," ಎಂದಳು ಅವಳು. "ಸಿಟ್ಟು ಬರೋವಷ್ಟು ಇಷ್ಟ!"